ಊರಲ್ಲಿ ಡಾಕ್ಟ್ರು, ಲ್ಯಾಬಲ್ಲಿ ಗುತ್ತಿಗೆ

ಶಿಡ್ಲಘಟ್ಟದ ಕಡೆಯ ಹಳ್ಳಿಯವರು, ವಯಸ್ಸು 34. ರವಿ ಅಂತ ಇಟ್ಟುಕೊಳ್ಳೋಣ. ನಿಜವಾದ ಹೆಸರಲ್ಲ, ಗುರುತು ಸಿಗುವಂಥ ಒಂದೆರಡು ವಿವರವನ್ನೂ ಬದಲಿಸಿದ್ದೇನೆ. ನಿದ್ದೆ ಬರಲ್ಲ ಅಂತ ಸಲಹೆ ಕೇಳೋಕೆ ಚಿಕ್ಕಬಳ್ಳಾಪುರಕ್ಕೆ ನನ್ನ ಹತ್ತಿರ ಬಂದರು. ನಾನೂ ಮೊದಲ ದಿನ ಸುಮ್ನೆ ಕಾಫಿ ಕಮ್ಮಿ ಮಾಡಿ, ಫೋನ್ ದೂರ ಇಡಿ ಅಂತ ಹೇಳಿ ಕಳಿಸಿದೆ. ಅದು ನನ್ನ ತಪ್ಪು.

ಎರಡನೇ ಸಲ ಬಂದಾಗ ಬಾಯಿ ಬಿಟ್ಟರು. ಯುಗಾದಿಗೆ ಊರಿಗೆ ಹೋಗಿದ್ದಾಗ ಪಕ್ಕದ ಮನೆ ಅತ್ತೆ ಬಿಪಿ ಮಾತ್ರೆ ಹಿಡಿದುಕೊಂಡು ಬಂದು 'ಡಾಕ್ಟ್ರಪ್ಪಾ, ಇದು ಅರ್ಧ ನುಂಗಿದ್ರೆ ಸಾಕಾ?' ಅಂದರಂತೆ. ಇವರು ಡಾಕ್ಟರೇ, ಆದರೆ ಪಿಎಚ್‌ಡಿ ಡಾಕ್ಟರು. ಒಂದೇ ಒಂದು ಜೀವಕೋಶ ಹೇಗೆ ಇಡೀ ಪ್ರಾಣಿ ಆಗುತ್ತದೆ ಅಂತ ಹುಡುಕುವ ಡೆವಲಪ್‌ಮೆಂಟಲ್ ಬಯಾಲಜಿ ಇವರ ಕೆಲಸ. ಅದಕ್ಕೆ ಜೀಬ್ರಾ ಮೀನು ಸಾಕುತ್ತಾರೆ. ಸಂಜೆ ಗಂಡಿಗೂ ಹೆಣ್ಣಿಗೂ ನಡುವೆ ಒಂದು ತಡೆ ಹಾಕಿಟ್ಟು, ಬೆಳಿಗ್ಗೆ ಲೈಟ್ ಹತ್ತಿದ ಮೇಲೆ ತೆಗೆದರೆ ಮೊಟ್ಟೆ ಇಡುತ್ತವೆ. ಗಾಜಿನ ಹಾಗೆ ಒಳಗೆಲ್ಲ ಕಾಣುವ ಮೊಟ್ಟೆ, ಮಾರನೇ ದಿನ ಅದೇ ಹೊತ್ತಿಗೆಲ್ಲ ಹೃದಯ ಬಡಿಯೋಕೆ ಶುರು. ಫೋನಲ್ಲಿ ಆ ವಿಡಿಯೊ ತೋರಿಸುವಾಗ ಮಾತ್ರ ಅವರ ಮುಖ ಅರಳಿತ್ತು.

2014ರ ಕೊನೆಯಲ್ಲಿ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿ ಸೇರಿದಾಗ ತಿಂಗಳಿಗೆ 25,000 ರೂಪಾಯಿ. (2023ರಿಂದ ಅದು 37,000 ಆಗಿದೆ.) ಆರು ವರ್ಷ ಪಿಎಚ್‌ಡಿ, ಆಮೇಲೆ ಜರ್ಮನಿಯಲ್ಲಿ ಮೂರು ವರ್ಷ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸ, ಅಮ್ಮನ ಆಪರೇಷನ್ ಅಂತ ವಾಪಸ್ ಬಂದವರು ಈಗ ಬೆಂಗಳೂರಿನ ಒಂದು ಲ್ಯಾಬಿನ ಪ್ರಾಜೆಕ್ಟ್‌ನಲ್ಲಿದ್ದಾರೆ. ಮಾರ್ಚ್‌ಗೆ ಅದೂ ಮುಗಿಯುತ್ತದೆ. ಸ್ವಂತ ಲ್ಯಾಬ್ ಬೇಕು ಅಂದರೆ ಎನ್‌ಸಿಬಿಎಸ್, ಸಿಸಿಎಂಬಿ, ಟಿಐಎಫ್‌ಆರ್, ಐಸರ್‌ಗಳಂಥ ಸಂಶೋಧನಾ ಸಂಸ್ಥೆಗಳಲ್ಲಿ ಹುದ್ದೆ ಬೀಳಬೇಕು, ಅದೂ ಇವರ ವಿಷಯಕ್ಕೇ ಬೀಳಬೇಕು. ಆದರೆ ಅಪ್ಪ ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ಸಿಕ್ಕವರಿಗೆಲ್ಲ 'ನನ್ನ ಮಗ ಸೈಂಟಿಸ್ಟು, ಪರ್ಮನೆಂಟು' ಅಂತ ಹೇಳಿಕೊಂಡು ಬಂದಿದ್ದಾರೆ. ಆ ಪರ್ಮನೆಂಟು ಅನ್ನೋ ಸುಳ್ಳು ರವಿಯೇ ಹೇಳಿದ್ದು.

ನಿದ್ದೆ ಕೆಟ್ಟಿದ್ದು ಕೆಲಸದಿಂದಲ್ಲ, ಈ ಸುಳ್ಳಿನಿಂದ ಅಂತ ನನಗನ್ನಿಸಿತು.

'ನಿಮ್ಮ ಹಳೇ ಲ್ಯಾಬಿನವರು ಈಗ ಎಲ್ಲೆಲ್ಲಿದ್ದಾರೆ, ಒಬ್ಬೊಬ್ಬರದಾಗಿ ಬರೆದು ತನ್ನಿ' ಅಂದೆ. ತಂದರು. ಸ್ವಂತ ಲ್ಯಾಬ್ ಇರೋದು ಇಬ್ಬರಿಗೆ. ಒಬ್ಬರು ಮೈಕ್ರೋಸ್ಕೋಪ್ ವಿಭಾಗ ನೋಡಿಕೊಳ್ಳುತ್ತಾರೆ, ಒಬ್ಬರು ಮೀನಿನ ಮರಿಗಳ ಮೇಲೆ ಔಷಧಿ ಪರೀಕ್ಷೆ ಮಾಡುವ ಕಂಪನಿಯಲ್ಲಿ, ಒಬ್ಬರು ಜರ್ನಲ್‌ನಲ್ಲಿ ಎಡಿಟರ್, ಇನ್ನೊಬ್ಬರು ಡಿಗ್ರಿ ಕಾಲೇಜಿನಲ್ಲಿ ಪಾಠ. 'ಇವರೆಲ್ಲ ಸೋತವರಾ?' ಅಂದೆ. 'ಛೆ, ಇಲ್ಲ ಮೇಡಂ.' ಹಾಗಾದರೆ ನಿಮಗೊಬ್ಬರಿಗೇ ಯಾಕೆ ಬೇರೆ ಕಾನೂನು ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಶೋಧನೆ ಬಿಡಿ ಅಂತ ನಾನು ಹೇಳಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಒಂದು ಗಡುವು ಇಟ್ಟುಕೊಳ್ಳಿ ಅಂದೆ. ಮುಂದಿನ ದೀಪಾವಳಿಯವರೆಗೆ ಲ್ಯಾಬ್ ಹುದ್ದೆಗಳಿಗೆ ಅರ್ಜಿ ಹಾಕಲಿ, ಆದರೆ ಇವತ್ತಿನಿಂದಲೇ ವಾರಕ್ಕೆ ಒಂದು ಬೇರೆ ಕಡೆಯ ಅರ್ಜಿಯೂ ಹೋಗಲಿ. ಪ್ರಾಜೆಕ್ಟ್ ಮುಗಿದ ಮೇಲೆ ಹುಡುಕೋಕೆ ಕೂತರೆ ತಲೆ ಓಡಲ್ಲ. ನೆಟ್ ಪರೀಕ್ಷೆ ಪಾಸಾಗಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ಅದು ಜೀವನಪೂರ್ತಿ ನಡೆಯುತ್ತದೆ. ಆ ಸರ್ಟಿಫಿಕೇಟ್ ಎಲ್ಲಿದೆ ಅಂತಲೇ ಅವರಿಗೆ ನೆನಪಿರಲಿಲ್ಲ! ಮೊದಲು ಅದನ್ನು ಹುಡುಕಿಸಿದೆ.

ಇನ್ನು ಅಪ್ಪನ ವಿಷಯ. ಹಬ್ಬದ ದಿನ, ನೆಂಟರ ಮುಂದೆ ಬೇಡ, ಹುಳದ ಮನೆಯಲ್ಲಿ ಸೊಪ್ಪು ಹಾಕ್ತಾ ಹೇಳಿ ಅಂದೆ. ಕೈ ಕೆಲಸದಲ್ಲಿದ್ದರೆ ಮುಖ ನೋಡಬೇಕಾಗಿಲ್ಲ, ಅಲ್ವಾ?

ಹಾಗೇ ಹೇಳಿದರಂತೆ. ಆ ಭಾನುವಾರ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ರೇಷ್ಮೆಯವರು ಹೇಳೋದು ಹಾಗೆ) ಎದ್ದಿತ್ತು, ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು. ಅಪ್ಪ ಒಂದು ತಟ್ಟೆ ಪೂರ್ತಿ ಮುಗಿಸಿ, 'ಮಾರ್ಚ್ ಆದ್ಮೇಲೆ ಬಾಡಿಗೆಗೆ ಏನು ಮಾಡ್ತೀಯ?' ಅಂತ ಕೇಳಿದರು. ಅಷ್ಟೇ. ಆಮೇಲೆ ಮೀನಿನ ವಿಡಿಯೊ ನೋಡಿ, 'ಇದಕ್ಕೂ ಜ್ವರ ಬರುತ್ತಾ?' ಅಂತ ಕೇಳಿದರಂತೆ. ಇಲ್ಲಪ್ಪಾ, ಮೀನು ಪೊರೆ ಬಿಡಲ್ಲ ಅಂತ ವಿವರಿಸೋಕೆ ರವಿಗೆ ಅರ್ಧ ಗಂಟೆ ಬೇಕಾಯಿತು, ಒಂಬತ್ತು ಹತ್ತು ವರ್ಷದಲ್ಲಿ ಮನೆಯಲ್ಲಿ ತಮ್ಮ ಕೆಲಸದ ಬಗ್ಗೆ ಮಾತಾಡಿದ್ದು ಅದೇ ಮೊದಲು.

ಹೋದ ತಿಂಗಳು ಬಂದಿದ್ದರು. ಕಂಪನಿಯೊಂದರಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ, ಎರಡು ಸಂಸ್ಥೆಗಳಿಂದ ಉತ್ತರ ಬಂದಿಲ್ಲ. ನಿದ್ದೆ ಪರವಾಗಿಲ್ಲವಂತೆ. ಮಾತ್ರೆ ಕೇಳಿದ ಅತ್ತೆಗೆ ಮಾತ್ರ ತಾನು ಆ ಡಾಕ್ಟ್ರಲ್ಲ ಅಂತ ಇನ್ನೂ ಹೇಳಿಲ್ಲ, ಪಿಎಚ್‌ಸಿಗೆ ತಾವೇ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದರಂತೆ.