ಹಿಂದಿನ ಬೆಂಚಿಗೂ ಕಾಣುವ ನಕ್ಷೆ

ಪ್ರಶ್ನೆ: ಹಂಪಿ ಪಾಠಕ್ಕೆಂದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದು ಪವರ್‌ಪಾಯಿಂಟ್‌ನಲ್ಲಿ ಹಾಕಿದ್ದೇನೆ. ಹೆಸರುಗಳು ಯಾರಿಗೂ ಓದಲು ಬರುತ್ತಿಲ್ಲ, ಚಿತ್ರ ಹಿಗ್ಗಿಸಿದರೆ ಮಸುಕಾಗುತ್ತದೆ. ಶಾಲೆಯ ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲ. — ಸಮಾಜ ವಿಜ್ಞಾನ ಶಿಕ್ಷಕಿ, ಹೊಸಪೇಟೆ

ಉತ್ತರ: 16:9 ಸ್ಲೈಡಿನ ಅಗಲ 13.33 ಇಂಚು. ಅದರಲ್ಲಿ 1920 ಪಿಕ್ಸೆಲ್ ಅಗಲದ ಚಿತ್ರ ಕೂರಿಸಿದರೆ ಇಂಚಿಗೆ 144 ಪಿಕ್ಸೆಲ್ ಆಯಿತು. ನಕ್ಷೆಯಲ್ಲಿ 12 ಪಿಕ್ಸೆಲ್ ಎತ್ತರವಿರುವ ಹೆಸರು ಸ್ಲೈಡಿನಲ್ಲಿ ಬರೀ 6 ಪಾಯಿಂಟ್! ಹಿಂದಿನ ಬೆಂಚಿನವರಿಗೆ ಅದು ಕಾಣುವ ಮಾತೇ ಇಲ್ಲ. ಆದ್ದರಿಂದ ನಕ್ಷೆಯೊಳಗಿನ ಅಕ್ಷರವನ್ನು ನಂಬಬೇಡಿ. ಚಿತ್ರದ ಮೇಲೆ ಅರೆಪಾರದರ್ಶಕ ಬಿಳಿ ಆಯತ ಹಾಸಿ, ಪಾಠಕ್ಕೆ ಬೇಕಾದ ನಾಲ್ಕೈದು ಹೆಸರನ್ನಷ್ಟೇ ಕನ್ನಡದಲ್ಲಿ 24 ಪಾಯಿಂಟ್‌ನಲ್ಲಿ ಬರೆಯಿರಿ. ನಿರ್ಮಲಾ ಯುಐಯಂಥ ಯೂನಿಕೋಡ್ ಫಾಂಟ್ ಇರಲಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತದೆ.

ಮಸುಕಿಗೆ ಮದ್ದೆಂದರೆ ಒಂದೇ ಚಿತ್ರವನ್ನು ಹಿಗ್ಗಿಸದೆ ಬೇರೆ ಬೇರೆ ಜೂಮ್‌ನಲ್ಲಿ ಹೊಸದಾಗಿ ತೆಗೆಯುವುದು. ನಕ್ಷೆ ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯ ಕೊನೆಗೆ ಜೂಮ್, ಅಕ್ಷಾಂಶ, ರೇಖಾಂಶ ಸಾಲಾಗಿ ಇರುತ್ತವೆ. ಅಲ್ಲಿ 13/15.3387/76.4670 ಎಂದು ಕೊಟ್ಟರೆ 1920 ಪಿಕ್ಸೆಲ್‌ಗೆ ಸುಮಾರು 35 ಕಿ.ಮೀ. ಹಿಡಿಯುತ್ತದೆ; ಹೊಸಪೇಟೆ, ತುಂಗಭದ್ರಾ ಅಣೆಕಟ್ಟು, ಹಂಪಿ ಮೂರೂ ಬರುತ್ತವೆ. 13ನ್ನು 16 ಮಾಡಿ: 4.4 ಕಿ.ಮೀ. ಅಗಲದಲ್ಲಿ ವಿರೂಪಾಕ್ಷದಿಂದ ವಿಜಯ ವಿಠ್ಠಲದವರೆಗೆ ಕಾಣುತ್ತದೆ. ಈ ವಿಳಾಸಗಳನ್ನು ಸ್ಲೈಡಿನ ನೋಟ್ಸ್‌ನಲ್ಲಿ ಇಟ್ಟುಕೊಂಡರೆ ಮುಂದಿನ ವರ್ಷ ಅದೇ ನೋಟವನ್ನು ಮತ್ತೆ ತೆಗೆಯಬಹುದು.

ಕ್ರೋಮ್‌ನಲ್ಲಿ ಎಫ್12, ಆಮೇಲೆ ಕಂಟ್ರೋಲ್-ಶಿಫ್ಟ್-ಎಂ ಒತ್ತಿದರೆ ಪುಟದ ಅಳತೆ ಕೊಡುವ ಪಟ್ಟಿ ಬರುತ್ತದೆ. ಅಳತೆ 2080 × 1240, ಪಿಕ್ಸೆಲ್ ಅನುಪಾತ 1 ಕೊಡಿ. ವಿಂಡೋಸ್ ಪರದೆಯ ಸ್ಕೇಲ್ 125 ಅಥವಾ 150 ಶೇಕಡಾ ಇದ್ದರೆ ಸಾಮಾನ್ಯ ಸ್ಕ್ರೀನ್‌ಶಾಟಿನ ಲೆಕ್ಕ ತಪ್ಪುವುದು ಇಲ್ಲಿಯೇ. ಎಡಗಡೆಯ ಫಲಕ ಮುಚ್ಚಿ, ಆ ಪಟ್ಟಿಯ ಮೂರು ಚುಕ್ಕಿಯ ಮೆನುವಿನಿಂದ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲು ತಲೆಪಟ್ಟಿಯನ್ನು ಕತ್ತರಿಸಿ, ಉಳಿದದ್ದನ್ನು ಎಡ-ಬಲ ಸಮನಾಗಿ, ಮೇಲೆ-ಕೆಳಗೆ ಸಮನಾಗಿ ಕತ್ತರಿಸಿ 1920 × 1080ಕ್ಕೆ ತನ್ನಿ. ಒಂದೇ ಬದಿಯಿಂದ ಕತ್ತರಿಸಿದರೆ ನಕ್ಷೆಯ ನಡುಬಿಂದು ಸರಿಯುತ್ತದೆ.

ಆ ನಡುಬಿಂದು ಬಹಳ ಉಪಯೋಗದ್ದು. ಜೂಮ್ ಒಂದೊಂದು ಹೆಜ್ಜೆ ಏರಿದಾಗಲೂ ಅಗಲ ಅರ್ಧಕ್ಕಿಳಿಯುತ್ತದೆ. 13ರಿಂದ 16ಕ್ಕೆ ಎಂಟರಲ್ಲೊಂದು ಪಾಲು. ಹಾಗಾಗಿ ಮೊದಲ ಸ್ಲೈಡಿನ ನಟ್ಟನಡುವೆ 1.67 × 0.94 ಇಂಚಿನ ಕೆಂಪು ಚೌಕಟ್ಟು ಹಾಕಿದರೆ ಎರಡನೆಯ ಸ್ಲೈಡಿನ ಜಾಗ ಅದೇ. ಮಕ್ಕಳಿಗೆ ಎಲ್ಲಿಂದ ಎಲ್ಲಿಗೆ ಬಂದೆವೆಂಬುದು ತಪ್ಪುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಸ್ತುತಿಯಲ್ಲಿ ಅತಿ ಮುಖ್ಯವಾದ ಗೆರೆ ಇದು.

ಕತ್ತರಿಸುವಾಗ ಅಳತೆಪಟ್ಟಿಯೂ ಕೃಪೆಯ ಸಾಲೂ ಹೋಗುತ್ತವೆ. ಹಂಪಿಯ ಅಕ್ಷಾಂಶದಲ್ಲಿ 1.5 ಇಂಚಿನ ಗೆರೆ ಜೂಮ್ 16ರಲ್ಲಿ 500 ಮೀಟರ್, 13ರಲ್ಲಿ 4 ಕಿ.ಮೀ. ಅದನ್ನು ಎಳೆದು, ಮೂಲೆಯಲ್ಲಿ ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಬರೆಯಿರಿ. ಇದು ಪರವಾನಗಿಯ ಷರತ್ತು.

ಪ್ರಶ್ನೆ: ಇಂಟರ್ನೆಟ್ ಇರುವ ಕಡೆ ನಕ್ಷೆಯನ್ನೇ ಸ್ಲೈಡಿನಂತೆ ಓಡಿಸಬಹುದೇ? — ಓದುಗರು, ಧಾರವಾಡ

ಉತ್ತರ: ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಮ್ಮದೇ ಗುರುತು ಹಾಕಿಕೊಳ್ಳುವ ಯುಮ್ಯಾಪ್ ಎಂಬ ಜಾಲತಾಣದಲ್ಲಿ ಬರುತ್ತದೆ. ಸ್ಥಳಗಳನ್ನು ಗುರುತಿಸಿ, ನಕ್ಷೆಯ ಸೆಟ್ಟಿಂಗ್ಸ್‌ನಲ್ಲಿ ಸ್ಲೈಡ್‌ಶೋ ಚಾಲೂ ಮಾಡಿ. ಹೆಸರುಗಳ ಮುಂದೆ 01, 02 ಎಂದು ಸೇರಿಸಿ, ಇಲ್ಲದಿದ್ದರೆ ಅಕ್ಷರ ಕ್ರಮದಲ್ಲಿ ಓಡುತ್ತದೆ. ತಾನಾಗಿ ಮುಂದೆ ಹೋಗುವ ಆಯ್ಕೆ ಬೇಡ. ನಿಮ್ಮ ಮಾತು ಮುಗಿಯುವ ಮೊದಲೇ ಸ್ಥಳ ಬದಲಾಗುತ್ತದೆ. ಖಾತೆ ತೆರೆಯದೆ ಮಾಡಿದ್ದರೆ, ತಿದ್ದಲು ಕೊಡುವ ಗುಪ್ತ ಕೊಂಡಿಯನ್ನು ಕೂಡಲೇ ಉಳಿಸಿಕೊಳ್ಳಿ.

ಪ್ರಶ್ನೆ: ಇಡೀ ಭಾರತದ ನಕ್ಷೆಯನ್ನೂ ಹೀಗೆಯೇ ತೆಗೆಯಬಹುದೇ? — ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್ ಜಮ್ಮು-ಕಾಶ್ಮೀರದಲ್ಲಿ ಭಾರತದ ಅಧಿಕೃತ ಗಡಿಯನ್ನಲ್ಲ, ಯಾವ ಜಾಗ ಯಾರ ಹಿಡಿತದಲ್ಲಿದೆಯೋ ಅದರ ಗೆರೆಯನ್ನು ತೋರಿಸುತ್ತದೆ. ದೇಶದ ಹೊರರೇಖೆ ಬೇಕಾದಾಗ ಸರ್ವೆ ಆಫ್ ಇಂಡಿಯಾದ ನಕ್ಷೆಯನ್ನೇ ಬಳಸಿ.