ಹಿಟ್ಟಾದ ಸೇಬಿನ ರಸ ಎಲ್ಲಿ ಹೋಯಿತು?

ಪ್ರಶ್ನೆ: ಒಂದೇ ದಿನ ಎರಡು ಬಗೆಯ ಸೇಬು ತಂದಿದ್ದೆ. ರೆಡ್ ಡೆಲಿಶಿಯಸ್ ವಾರ ತುಂಬುವುದರೊಳಗೆ ಹಿಟ್ಟು ಹಿಟ್ಟಾಯಿತು. ಅದೇ ಬುಟ್ಟಿಯ ಫ್ಯೂಜಿ ಇನ್ನೂ ಗರಿಗರಿ ಎನ್ನುತ್ತಿತ್ತು. ಅಂಗಡಿಯವನು ಒಣಗಿದ ಹಣ್ಣು ಕೊಟ್ಟು ಮೋಸ ಮಾಡಿದನೇ? ಅಥವಾ ಫ್ಯೂಜಿಗೆ ಏನಾದರೂ ಔಷಧಿ ಹೊಡೆದಿರುತ್ತಾರೆಯೇ?
– ಓದುಗರು, ತುಮಕೂರು

ಉತ್ತರ: ಈ ಸಲ ಅಂಗಡಿಯವನನ್ನು ಬಿಟ್ಟುಬಿಡಿ. ನಿಮ್ಮ ಹಣ್ಣು ಒಣಗಿರಲಿಲ್ಲ, ರಸವೆಲ್ಲ ಒಳಗೇ ಇತ್ತು. ನಿಮ್ಮ ಹಲ್ಲಿಗೆ ಸಿಗಲಿಲ್ಲ, ಅಷ್ಟೆ.

ನಾನು ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದಾಗ ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಅತಿಥಿಗಳಿಗೆಂದು ತರಿಸಿಟ್ಟ ಸೇಬು ಹೀಗೇ ಹಿಟ್ಟಾಗಿತ್ತು. ಬಿಸಾಡಲು ಮನಸ್ಸಾಗದೆ ಚಮಚದಲ್ಲಿ ಚೂರು ಕೆರೆದು, ಹನಿ ನೀರು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೆನೆಸಿದ ಸಬ್ಬಕ್ಕಿ ಚೆಲ್ಲಿದ ಹಾಗೆ ಜೀವಕೋಶಗಳು ಒಂದೊಂದೇ ಬಿಡಿಬಿಡಿಯಾಗಿ, ದುಂಡಗೆ, ಒಡೆಯದೆ ಕುಳಿತಿದ್ದವು. ಗಟ್ಟಿ ಸೇಬಿನ ಚೂರಿನಲ್ಲಿ ಕಂಡದ್ದು ಬೇರೆ: ಹರಿದ ಗೋಡೆಗಳು, ಹೊರಗೆ ಹರಿದ ರಸ. ಗರಿಗರಿ ಸೇಬನ್ನು ಕಚ್ಚಿದರೆ ಕೋಶಗಳು ಒಡೆಯುತ್ತವೆ. ಹಿಟ್ಟಾದ ಸೇಬಿನಲ್ಲಿ ಒಂದನ್ನೊಂದು ಬಿಟ್ಟು ಜಾರಿಕೊಳ್ಳುತ್ತವೆ, ರಸ ಚೀಲದೊಳಗೇ ಉಳಿಯುತ್ತದೆ. ನಾಲಿಗೆಗೆ ಅದು ಹಿಟ್ಟು.

ಕೋಶಗಳನ್ನು ಹಿಡಿದಿಡುವ ಗಾರೆ ಪೆಕ್ಟಿನ್. ಆ ಗಾರೆಯನ್ನು ಕರಗಿಸುವ ಕಿಣ್ವಗಳಲ್ಲಿ ಮುಖ್ಯವಾದದ್ದು ಪಾಲಿಗ್ಯಾಲಕ್ಟುರೊನೇಸ್. (ಹೆಸರು ಹೇಳುವಷ್ಟರಲ್ಲಿ ಒಂದು ಹಣ್ಣು ಮೆತ್ತಗಾದೀತು, ಪಿಜಿ ಎನ್ನೋಣ.) ಇದನ್ನು ತಯಾರಿಸುವ ಪಿಜಿ-1 ಜೀನನ್ನು ನ್ಯೂಜಿಲೆಂಡಿನ ವಿಜ್ಞಾನಿಗಳು ರಾಯಲ್ ಗಾಲಾ ತಳಿಯಲ್ಲಿ ಅಡಗಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಹಣ್ಣುಗಳು ಹೆಚ್ಚು ಗಟ್ಟಿಯಾಗಿ ಉಳಿದವು, ನೀರು ಕಳೆದುಕೊಂಡದ್ದೂ ಕಡಿಮೆ. ಅವು ಪ್ರಯೋಗದ ಗಿಡಗಳು, ನಮ್ಮ ಅಂಗಡಿಗೆ ಬಂದವಲ್ಲ.

ಇನ್ನು ನಿಮ್ಮ ಫ್ಯೂಜಿ. ಸೇಬು ಹಣ್ಣಾಗುವ ಹೊತ್ತಿಗೆ ಎಥಿಲೀನ್ ಅನಿಲವನ್ನು ತಾನೇ ಬಿಡುತ್ತದೆ. ಆ ಅನಿಲವೇ ಪಿಜಿಯಂಥ ಜೀನುಗಳನ್ನು ಎಬ್ಬಿಸುವುದು. ಎಥಿಲೀನ್ ತಯಾರಿಕೆಯಲ್ಲಿ ಎಸಿಎಸ್-1 ಎಂಬ ಜೀನು ಬೇಕು. ಫ್ಯೂಜಿಯಲ್ಲಿ ಈ ಜೀನಿನ ಎರಡೂ ಪ್ರತಿಗಳ ಸ್ವಿಚ್ಚಿನ ಜಾಗದಲ್ಲಿ ಸುಮಾರು 160 ಅಕ್ಷರಗಳ ಒಂದು ಅಲೆಮಾರಿ ಡಿಎನ್‌ಎ ತುಣುಕು ಬಂದು ಕುಳಿತಿದೆ. ಜೀನು ಕೆಟ್ಟಿಲ್ಲ, ಆದರೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಎಥಿಲೀನ್ ಕಡಿಮೆ, ಆದ್ದರಿಂದ ಮೆತ್ತಗಾಗುವುದು ನಿಧಾನ. ಜಪಾನಿನ ಸಂಶೋಧಕರು ಇದನ್ನು 1999ರಲ್ಲಿ ವರದಿ ಮಾಡಿದರು.

ಹಾಗಾದರೆ ಇದು ಕುಲಾಂತರಿ ಅಲ್ಲವೇ ಎಂದು ಮುಂದಿನ ಕಾಗದ ಬರೆಯಬೇಡಿ. ಆ ತುಣುಕನ್ನು ಯಾರೂ ಸೇರಿಸಿದ್ದಲ್ಲ, ಪ್ರಕೃತಿಯಲ್ಲೇ ಆದದ್ದು. ಫ್ಯೂಜಿಯನ್ನು ಜಪಾನಿನ ಫುಜಿಸಾಕಿಯಲ್ಲಿ ರಾಲ್ಸ್ ಜೆನೆಟ್ ಮತ್ತು ಡೆಲಿಶಿಯಸ್ ತಳಿಗಳ ಪರಾಗಸ್ಪರ್ಶದಿಂದ ಪಡೆದರು, 1962ರಲ್ಲಿ ಹೆಸರಿಟ್ಟು ಬಿಟ್ಟರು. ಮಗುವಿನಲ್ಲಿ ಎರಡೂ ಪ್ರತಿ ಮಂದವಾಗಿವೆ ಎಂದರೆ ತಂದೆತಾಯಿ ಇಬ್ಬರಲ್ಲೂ ತಲಾ ಒಂದಾದರೂ ಇದ್ದಿರಲೇಬೇಕು. ನೀವು ಬೈದ ಡೆಲಿಶಿಯಸ್ ಮನೆತನದಿಂದಲೇ ಫ್ಯೂಜಿಯ ಅರ್ಧ ಬಾಳಿಕೆ ಬಂದಿದೆ!

ಔಷಧಿಯ ಅನುಮಾನ ಪೂರ್ತಿ ಆಧಾರವಿಲ್ಲದ್ದೇನಲ್ಲ. ಎಥಿಲೀನಿನ ಸುದ್ದಿ ಹಣ್ಣಿನ ಕೋಶಕ್ಕೆ ಮುಟ್ಟದಂತೆ ತಡೆಯುವ 1-ಎಂಸಿಪಿ ಎಂಬ ಅನಿಲವನ್ನು ಜಗತ್ತಿನ ಎಷ್ಟೋ ಶೈತ್ಯಾಗಾರಗಳಲ್ಲಿ ಬಳಸುತ್ತಾರೆ. ಆದರೆ ಫ್ಯೂಜಿಯ ಬಾಳಿಕೆ ಮೊದಲು ಹುಟ್ಟುಗುಣ.

ಪ್ರಶ್ನೆ: ಬಾಳೆಕಾಯಿ ಜೊತೆ ಸೇಬಿಟ್ಟರೆ ಬೇಗ ಹಣ್ಣಾಗುತ್ತದಂತೆ, ನಿಜವೇ?
– ಓದುಗರು, ಶಿರಸಿ

ಉತ್ತರ: ನಿಜ. ಕಾರಣ ಅದೇ ಎಥಿಲೀನ್. ಕಾಗದದ ಚೀಲದಲ್ಲಿ ಬಾಯಿ ಮಡಚಿಡಿ. ಫ್ಯೂಜಿ ಬೇಡ, ಅದು ಈ ಕೆಲಸದಲ್ಲಿ ಸೋಮಾರಿ. ಸೇಬು ಉಳಿಯಬೇಕಾದರೆ ಮಾತ್ರ ಮಾಗಿದ ಬಾಳೆಯ ಪಕ್ಕ ಇಡಲೇಬೇಡಿ. ನಮ್ಮ ಮನೆಯ ಹಣ್ಣಿನ ತಟ್ಟೆಯಲ್ಲಿ ಇದೊಂದು ದಿನನಿತ್ಯದ ಜಗಳ. ನನ್ನ ಹೆಂಡತಿಗೆ ತಟ್ಟೆ ತುಂಬಿ ಕಾಣಬೇಕು.

ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟರೂ ಕೊನೆಗೆ ಮೆತ್ತಗಾಗುವುದೇಕೆ?
– ಓದುಗರು, ಬಳ್ಳಾರಿ

ಉತ್ತರ: ತಣ್ಣಗಿಟ್ಟರೆ ಎಲ್ಲ ಕೆಲಸವೂ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಇನ್ನೊಂದು ಕಿತಾಪತಿಯೂ ಇದೆ: ಪಿಜಿ-1 ಜೀನು ಎಥಿಲೀನಿಗಷ್ಟೇ ಅಲ್ಲ, ಚಳಿಗೂ ಎಚ್ಚರಗೊಳ್ಳುತ್ತದೆ. ತಿಂಗಳುಗಟ್ಟಲೆ ಶೈತ್ಯಾಗಾರದಲ್ಲಿದ್ದ ಹಣ್ಣು ಹೊರಗೆ ಬಂದದ್ದೇ ಬೇಗ ಮೆತ್ತಗಾದರೆ ಆಶ್ಚರ್ಯವಿಲ್ಲ. ನಿಮ್ಮೂರಿನ ಬಿಸಿಲಿನಲ್ಲಿ ಮೇಜಿನ ಮೇಲಿಡುವುದಕ್ಕಿಂತ ಫ್ರಿಜ್ಜೇ ಮೇಲು. ವಾರಕ್ಕೆ ಆಗುವಷ್ಟು ಮಾತ್ರ ತನ್ನಿ, ಪೆಟ್ಟು ಬಿದ್ದದ್ದನ್ನು ಮೊದಲು ತಿನ್ನಿ. ಹಿಟ್ಟಾದದ್ದನ್ನು ಎಸೆಯಬೇಡಿ: ತುರಿದು, ಸಕ್ಕರೆ ಹಾಕಿ ಬಾಡಿಸಿದರೆ ಹಲ್ವಕ್ಕೆ ಅದೇ ವಾಸಿ.