ನದಿಯೇ ಇಲ್ಲದ ಟಿಕಾಲ್‌ನಲ್ಲಿ ಅಷ್ಟು ಜನ ಬದುಕಿದ್ದು ಹೇಗೆ?

ಮಧ್ಯ ಅಮೆರಿಕದ ಗ್ವಾಟೆಮಾಲಾದ ಕಾಡಿನೊಳಗಿರುವ, ಮಾಯಾ ಜನರ ಪ್ರಾಚೀನ ನಗರ ಟಿಕಾಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಟಿಕಾಲ್ ಹತ್ತಿರ ನದಿ ಇಲ್ಲ, ಸರೋವರವೂ ಇಲ್ಲ ಅಂತ ಓದಿದೆ. ಹಾಗಾದರೆ ಅಷ್ಟು ದೊಡ್ಡ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು?

ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಎಲ್ಲರೂ ಆ ಪಿರಮಿಡ್ಡುಗಳನ್ನು ಹೇಗೆ ಕಟ್ಟಿದರು ಅಂತ ಕೇಳುತ್ತಾರೆ. ಕಲ್ಲು ಅಲ್ಲೇ ಕಾಲಡಿಯಲ್ಲಿತ್ತು, ಕಟ್ಟುವುದಕ್ಕೆ ಜನರೂ ಇದ್ದರು. ಕಷ್ಟ ಇದ್ದದ್ದು ನೀರಿಗೆ.

ಟಿಕಾಲ್ ಇರುವ ಪೆಟೆನ್ ಸೀಮೆಯ ನೆಲವೆಲ್ಲ ಸುಣ್ಣಕಲ್ಲು. ಮಳೆ ಚೆನ್ನಾಗಿಯೇ ಸುರಿಯುತ್ತದೆ, ಆದರೆ ಬಿದ್ದದ್ದೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಅಂತರ್ಜಲ ತುಂಬಾ ಆಳದಲ್ಲಿದೆ, ಬಾವಿ ತೋಡಿದರೆ ಸಿಗುವಂಥದ್ದಲ್ಲ. ವರ್ಷದ ಮೊದಲ ನಾಲ್ಕು ತಿಂಗಳಂತೂ ಒಣ ಕಾಲ. ಮಳೆಗಾಲದಲ್ಲಿ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಅವರು ಊರನ್ನೇ ನೀರು ಹಿಡಿಯುವ ಹಾಗೆ ಕಟ್ಟಿದರು. ನಡುವಿನ ದೊಡ್ಡ ಅಂಗಳಗಳಿಗೆಲ್ಲ ಸುಣ್ಣದ ಗಾರೆ ಹಾಕಿದರು, ನೆಲ ನೀರು ಕುಡಿಯಬಾರದಲ್ವಾ. ಅಂಗಳಕ್ಕೆ ಸ್ವಲ್ಪ ಇಳಿಜಾರು ಕೊಟ್ಟರು. ಗುಡಿಗಳ ಮೆಟ್ಟಿಲ ಮೇಲೆ, ಅರಮನೆಯ ಚಾವಣಿಯ ಮೇಲೆ, ಅಂಗಳದಲ್ಲಿ ಬಿದ್ದ ಮಳೆಯೆಲ್ಲ ಹರಿದು ಪಕ್ಕದ ಕಣಿವೆಗೆ ಇಳಿಯುತ್ತಿತ್ತು, ಆ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿದ್ದರು. ಮೇಲಿನದರಿಂದ ಕೆಳಗಿನದಕ್ಕೆ ನೀರು ಇಳಿಯುವ ನಮ್ಮ ಕಡೆಯ ಸಾಲುಕೆರೆಗಳನ್ನು ನೋಡಿದವರಿಗೆ ಈ ಏರ್ಪಾಡು ತಟ್ಟನೆ ಅರ್ಥವಾಗುತ್ತದೆ. ಆದರೆ ಟಿಕಾಲ್‌ನ ಕೆರೆಗಳಿಗೆ ನೀರು ಗುಡ್ಡದಿಂದ ಬರುತ್ತಿರಲಿಲ್ಲ, ಊರಿನಿಂದಲೇ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅರಮನೆಯ ಬುಡದಲ್ಲಿರುವ ಕೆರೆಯ ಏರಿಯನ್ನು ಪುರಾತತ್ವಜ್ಞ ವರ್ನನ್ ಸ್ಕಾರ್ಬರೋ ಮತ್ತು ಅವರ ತಂಡ ಅಗೆದು ನೋಡಿ 2012ರಲ್ಲಿ ವಿವರ ಪ್ರಕಟಿಸಿದರು. ಏರಿ ಸುಮಾರು 80 ಮೀಟರ್ ಉದ್ದ, 10 ಮೀಟರ್ ಎತ್ತರ. ಕಡಿದ ಕಲ್ಲು, ಜಲ್ಲಿ, ಮಣ್ಣು ಸೇರಿಸಿ ಕಟ್ಟಿದ್ದು. ಏರಿಯ ಹಿಂದೆ ನಿಲ್ಲುತ್ತಿದ್ದ ನೀರು ಸುಮಾರು ಏಳೂವರೆ ಕೋಟಿ ಲೀಟರ್. ನೀರು ಬಿಡುವುದಕ್ಕೆ ತೂಬುಗಳ ಏರ್ಪಾಡೂ ಇತ್ತು.

ನನಗೆ ಇದಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಊರಂಚಿನ ಕೊರಿಯೆಂಟಾಲ್ ಅನ್ನುವ ಕೆರೆ. ಅದರ ಹೂಳಿನಲ್ಲಿ ಹರಳುಹರಳಾದ ಬಿಳಿಕಲ್ಲಿನ ಮರಳು ಮತ್ತು ಜಿಯೊಲೈಟ್ ಅನ್ನುವ ಖನಿಜ ಸಿಕ್ಕಿತು. ಸುತ್ತಮುತ್ತ ಸುಣ್ಣಕಲ್ಲು ಬಿಟ್ಟು ಬೇರೇನೂ ಇಲ್ಲ, ಅಂದಮೇಲೆ ಯಾರೋ ತಂದು ಹಾಕಿರಲೇಬೇಕು. ಹುಡುಕಿದಾಗ ಸುಮಾರು 30 ಕಿಲೋಮೀಟರ್ ಈಶಾನ್ಯದಲ್ಲಿ ಅಂಥದ್ದೇ ಜಿಯೊಲೈಟ್ ಸಿಗುವ ಜಾಗವೊಂದಿತ್ತು. ಜಿಯೊಲೈಟ್ ನೀರಿನ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಇವತ್ತಿಗೂ ಫಿಲ್ಟರ್‌ಗಳಲ್ಲಿ ಬಳಸುತ್ತಾರೆ. ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ, ಗಾಡಿ ಇಲ್ಲ, ಹೊರೆ ಹೊರುವ ಪ್ರಾಣಿಯಿಲ್ಲ, ಮನುಷ್ಯರೇ ಬೆನ್ನ ಮೇಲೆ ಮೂಟೆ ಹೊತ್ತು ಕಾಡು ದಾಟಿ ಅದನ್ನು ತಂದಿದ್ದಾರೆ, ಆ ಜಾಗದ ನೀರು ಚೆನ್ನಾಗಿರುತ್ತದೆ ಅನ್ನುವುದನ್ನು ಯಾರೋ ಗಮನಿಸಿದ್ದರಿಂದಲೇ ಇರಬೇಕು. ಈ ಅಧ್ಯಯನ 2020ರಲ್ಲಿ ಬಂತು.

ಪ್ರಶ್ನೆ: ಇಷ್ಟೆಲ್ಲ ಬುದ್ಧಿ ಇದ್ದವರು ಇದ್ದಕ್ಕಿದ್ದಂತೆ ಮಾಯವಾದದ್ದು ಯಾಕೆ?

ಮಾಯವಾಗಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಊರು ಬಿಟ್ಟರು, ಅಷ್ಟೇ. ಅದೂ ಒಂದೇ ದಿನದಲ್ಲಿ ಅಲ್ಲ.

ಈಗ ಆ ಕೆರೆಗಳಿಗೆ ವಾಪಸ್ ಬನ್ನಿ. ಅದೇ 2020ರಲ್ಲಿ ಸಂಶೋಧಕ ಡೇವಿಡ್ ಲೆಂಟ್ಜ್ ಅವರ ತಂಡ ನಾಲ್ಕು ಕೆರೆಗಳ ಹೂಳು ಪರೀಕ್ಷಿಸಿತು. ಊರಂಚಿನ ಎರಡರಲ್ಲಿ ನೀರು ಪರವಾಗಿಲ್ಲ ಅನ್ನುವಂತಿತ್ತು. ಊರ ನಡುವೆ, ಅರಮನೆಗೂ ಗುಡಿಗಳಿಗೂ ಅಂಟಿಕೊಂಡಿದ್ದ ಎರಡು ಕೆರೆಗಳಲ್ಲಿ ಮಾತ್ರ ಪಾದರಸ ವಿಪರೀತ. ಜೊತೆಗೆ ವಿಷಕಾರಿ ನೀಲಿ-ಹಸಿರು ಪಾಚಿಯ ಕುರುಹು. ಪಾದರಸ ಎಲ್ಲಿಂದ ಬಂತು ಅಂದರೆ ಇಂಗಳೀಕದಿಂದ, ಅಂದರೆ ಪಾದರಸವಿರುವ ಕೆಂಪು ಖನಿಜದಿಂದ. ಆ ಕೆಂಪು ಬಣ್ಣವನ್ನು ಅವರು ಗೋಡೆಗಳಿಗೆ ಬಳಿಯುತ್ತಿದ್ದರು, ಸತ್ತ ದೊಡ್ಡವರ ಗೋರಿಯಲ್ಲೂ ಚೆಲ್ಲುತ್ತಿದ್ದರು. ಮಳೆ ಬಂದಾಗಲೆಲ್ಲ ಗೋಡೆಯ ಬಣ್ಣ ತೊಳೆದು ಕೆರೆಗೆ ಇಳಿಯುತ್ತಿತ್ತು. ಅರಮನೆಯ ಅಡುಗೆಮನೆಗಳ ಕಸವೂ ಅದೇ ದಾರಿ ಹಿಡಿಯಿತು, ಪಾಚಿಗೆ ಅದೇ ಗೊಬ್ಬರವಾಯಿತು. ನೀರು ತರಲೆಂದೇ ಕಟ್ಟಿದ ಇಳಿಜಾರು ವಿಷವನ್ನೂ ತಂದಿತು. ಆ ಹೊತ್ತಿಗೆ, ಅಂದರೆ 9ನೇ ಶತಮಾನದಲ್ಲಿ, ಮಳೆ ಪದೇ ಪದೇ ಕೈಕೊಟ್ಟಿತು. ನೀರು ಕಡಿಮೆಯಾದಷ್ಟೂ ಉಳಿದದ್ದರಲ್ಲಿ ವಿಷ ಜಾಸ್ತಿ.

ಮಾಯಾ ಅರಸನ ಕೆಲಸ ಬರೀ ಯುದ್ಧ ಮಾಡುವುದಾಗಿರಲಿಲ್ಲ. ದೇವರ ಜೊತೆ ಮಾತಾಡಿ ಮಳೆ ತರಿಸುವವನೂ ಅವನೇ ಅಂತ ಜನ ನಂಬಿದ್ದರು. ಅರಮನೆ ಬುಡದ ಕೆರೆಯೇ ಹಸಿರುಗಟ್ಟಿ ನಾರಿದರೆ ಅವನ ಮಾತು ಯಾರು ಕೇಳುತ್ತಾರೆ? ಸುತ್ತಲಿನ ರಾಜ್ಯಗಳಲ್ಲೂ ಯುದ್ಧ, ಕಲಹ ಹೆಚ್ಚಾಗಿತ್ತು. ಇದೇ ಒಂದು ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ನೀರನ್ನು ಬಿಟ್ಟು ಟಿಕಾಲ್‌ನ ಪತನ ವಿವರಿಸಲು ಹೋಗುವುದು ವ್ಯರ್ಥ. ಅಲ್ಲಿ ತಾರೀಕು ಕೆತ್ತಿ ನಿಲ್ಲಿಸಿದ ಕೊನೆಯ ಕಲ್ಲು 869ನೇ ಇಸವಿಯದು.

ಜನ ಬೇರೆ ಕಡೆ ಹೋದರು. ಟಿಕಾಲ್‌ಗೆ ಹೆಚ್ಚು ದೂರವಿಲ್ಲದ ಪೆಟೆನ್ ಇಟ್ಜಾ ಸರೋವರದ ದ್ವೀಪವೊಂದರಲ್ಲಿ ಇಟ್ಜಾ ಮಾಯಾ ಅರಸರು 1697ರವರೆಗೂ ಸ್ಪೇನಿನವರಿಗೆ ತಲೆಬಾಗದೆ ಆಳಿದರು. ಇವತ್ತು ಮಾಯಾ ಭಾಷೆಗಳನ್ನಾಡುವವರು ಲಕ್ಷಗಟ್ಟಲೆ ಇದ್ದಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೋಬೆರ್ತಾ ಮೆಂಚು ಕಿಚೆ ಮಾಯಾ ಹೆಣ್ಣುಮಗಳು. "ಮಾಯವಾದ ಜನ" ಅಂದರೆ ಅವರಿಗೆ ಹೇಗನ್ನಿಸಬೇಡ?

ಪ್ರಶ್ನೆ: 869 ಅಂತೆಲ್ಲ ಇಷ್ಟು ಕರಾರುವಾಕ್ಕಾಗಿ ಇಸವಿ ಹೇಳುತ್ತೀರಲ್ಲ, ಹೇಗೆ?

ಅವರೇ ಬರೆದಿಟ್ಟಿದ್ದಾರೆ. ಕ್ರಿ.ಪೂ. 3114ರ ಆಗಸ್ಟ್‌ನ ಒಂದು ದಿನದಿಂದ ಶುರುಮಾಡಿ ಎಷ್ಟು ದಿನ ಕಳೆಯಿತು ಅಂತ ಎಣಿಸಿ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಟಿಕಾಲ್‌ನಲ್ಲಿ ಸಿಕ್ಕ ಇಂಥ ಕಲ್ಲುಗಳಲ್ಲಿ ಹಳೆಯದು 292ನೇ ಇಸವಿಯದು.

ಆದರೆ ಆ ಎಣಿಕೆಯನ್ನು ನಮ್ಮ ಕ್ಯಾಲೆಂಡರಿಗೆ ಎಲ್ಲಿ ಜೋಡಿಸಬೇಕು ಅನ್ನುವುದರ ಬಗ್ಗೆ ಬಹಳ ವರ್ಷ ಜಗಳ ಇತ್ತು. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಶತಮಾನಗಟ್ಟಲೆ ಅಂತರ. ಅದನ್ನು ಪರೀಕ್ಷಿಸಲು ನೆರವಾದದ್ದು ಒಂದು ಮರದ ತೊಲೆ. ಟಿಕಾಲ್‌ನ ಒಂದನೇ ಗುಡಿಯ ಬಾಗಿಲ ಮೇಲೆ ಕೂರಿಸಿದ್ದ ಕೆತ್ತನೆಯ ತೊಲೆ. ಮರ ಯಾವುದು ಗೊತ್ತೇ? ಸಪೋಟ. ನಾವು ತಿನ್ನುವ ಅದೇ ಸಪೋಟ, ಅದರ ಮೂಲ ಆ ಕಡೆಯ ಕಾಡುಗಳೇ. ಬಲು ಗಟ್ಟಿ ಮರ, ಅದಕ್ಕೇ ಅಷ್ಟು ಶತಮಾನ ಗೆದ್ದಲು, ಮಳೆ ಎಲ್ಲ ತಡೆದುಕೊಂಡಿತು. ಹಸಾವ್ ಚಾನ್ ಕವೀಲ್ ಅನ್ನುವ ಅರಸ ತನ್ನ ದೊಡ್ಡ ವೈರಿ ಕಲಾಕ್ಮುಲ್ ರಾಜ್ಯವನ್ನು ಸೋಲಿಸಿದ ಸಂಗತಿ ಅದರ ಮೇಲಿದೆ. ನಾವು ಒಪ್ಪಿಕೊಂಡ ಲೆಕ್ಕದಲ್ಲಿ ಅದು 695ನೇ ಇಸವಿ. ವಿಜ್ಞಾನಿಗಳು ಮರದ ಚೂರುಗಳಿಗೆ ರೇಡಿಯೋಕಾರ್ಬನ್ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಕೊಟ್ಟರು: ಮರ ಕಡಿದದ್ದು 658ರಿಂದ 696ರ ನಡುವೆ. ಲೆಕ್ಕ ಸರಿಯಾಗಿ ಕೂತಿತು.

ಪ್ರಶ್ನೆ: ಲೇಸರ್ ಸರ್ವೆಯಲ್ಲಿ ಹೊಸ ನಗರ ಸಿಕ್ಕಿತು ಅಂತ ಸುದ್ದಿ ಬಂದಿತ್ತಲ್ಲ?

ಅದು ಲೈಡಾರ್. ವಿಮಾನದಿಂದ ಲೇಸರ್ ಬಿಟ್ಟು ಮರಗಳ ಸಂದಿಯಿಂದ ನೆಲದ ಏರುತಗ್ಗು ಅಳೆಯುತ್ತಾರೆ. ಉತ್ತರ ಗ್ವಾಟೆಮಾಲಾದಲ್ಲಿ 2,144 ಚದರ ಕಿಲೋಮೀಟರ್ ಅಳೆದಾಗ 61,480 ಕಟ್ಟಡಗಳ ಗುರುತು ಕಂಡಿತು, 2018ರಲ್ಲಿ ಪ್ರಕಟವಾಯಿತು. ಮನೆ, ದಾರಿ, ಹೊಲದ ಬದು, ಕೋಟೆ, ಕಾಲುವೆ ಎಲ್ಲ ಇವೆ. ತಗ್ಗು ಸೀಮೆಯ ಮಾಯಾ ಜನಸಂಖ್ಯೆ 70 ಲಕ್ಷದಿಂದ 1.1 ಕೋಟಿ ಇದ್ದಿರಬಹುದು ಅಂತ ಆ ತಂಡ ಅಂದಾಜಿಸಿತು. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಗುಡಿ ಇತ್ತು ಅನ್ನುವ ಹಳೆಯ ಚಿತ್ರ ಇನ್ನು ನಿಲ್ಲುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ, ಅಲ್ಲಿಂದ ಟಿಕಾಲ್ ನೋಡಿ ಬರುವ ಆಸೆ. ಏನು ತಪ್ಪಿಸಿಕೊಳ್ಳಬಾರದು?

ಒಂದನೇ ಗುಡಿಯನ್ನು ಕೆಳಗಿನಿಂದಲೇ ನೋಡಬೇಕು, ಹತ್ತಲು ಬಿಡುವುದಿಲ್ಲ. ಸುಮಾರು 65 ಮೀಟರ್ ಎತ್ತರದ ನಾಲ್ಕನೇ ಗುಡಿಗೆ ಮರದ ಮೆಟ್ಟಿಲು ಹಾಕಿದ್ದಾರೆ, ಮಂಡಿ ಚೆನ್ನಾಗಿದ್ದರೆ ಹತ್ತಿ. ಗುಡಿಗಳನ್ನು ನೋಡಿದ ಮೇಲೆ ಗೈಡ್ ಹತ್ತಿರ ಕೇಳಿ ಅರಮನೆ ಹಿಂದಿನ ಕೆರೆಯ ಕಡೆಗೂ ಹೋಗಿ ಬನ್ನಿ. ಈಗ ಮರ ಬೆಳೆದ ಹಳ್ಳದ ಹಾಗೆ ಕಾಣುತ್ತದೆ, ಯಾರೂ ನಿಂತು ನೋಡುವುದಿಲ್ಲ. ಆ ಸಪೋಟ ತೊಲೆ ನೋಡುವ ಆಸೆಯಿದ್ದರೆ ಮಾತ್ರ ಅದು ಅಲ್ಲಿಲ್ಲ. 1870ರ ದಶಕದಲ್ಲೇ ಗುಸ್ತಾವ್ ಬರ್ನೂಲಿ ಅನ್ನುವ ಸ್ವಿಸ್ ವೈದ್ಯರೊಬ್ಬರು ತೊಲೆಗಳನ್ನು ಬಿಚ್ಚಿಸಿ ತಮ್ಮ ಊರಿಗೆ ಕಳಿಸಿಬಿಟ್ಟರು, ಈಗ ಅವು ಬಾಸೆಲ್‌ನ ಮ್ಯೂಸಿಯಂನಲ್ಲಿವೆ.